ಎಸ್‌ಯುವಿ ಬೆನ್ನಿಗೆ ಸೈಕಲ್: ರ‍್ಯಾಕ್ ಕೊಳ್ಳುವ ಮುನ್ನ ಗಾಡಿಯಡಿ ಇಣುಕಿ

ಗುಜರಾತಿನ ಅಹಮದಾಬಾದ್–ವಡೋದರಾ ಎಕ್ಸ್‌ಪ್ರೆಸ್‌ವೇಯ ಉದ್ದ 93 ಕಿ.ಮೀ. 2004ರಿಂದ ಪೂರ್ತಿಯಾಗಿ ಬಳಕೆಯಲ್ಲಿರುವ ಈ ರಸ್ತೆಗೆ ದ್ವಿಚಕ್ರ ವಾಹನ ಇಳಿಯುವಂತಿಲ್ಲ; ಸೈಕಲ್ಲಿನ ಮಾತಂತೂ ದೂರ. ವಡೋದರಾದಿಂದ ಭರೂಚ್ ಕಡೆಗೆ 2024ರಲ್ಲಿ ತೆರೆದ ದೆಹಲಿ–ಮುಂಬೈ ಎಕ್ಸ್‌ಪ್ರೆಸ್‌ವೇಯಲ್ಲೂ ಇದೇ ಕಟ್ಟಳೆ. ಆದರೆ ಸೈಕಲ್ ತುಳಿಯಲು ಹಿತವಾದ ಜಾಗಗಳು ಊರಿಂದ ದೂರ, ಹೆದ್ದಾರಿಗಳ ಆಚೆಗಿವೆ. ಅಹಮದಾಬಾದಿನವರಿಗೆ ಥೋಲ್ ಕೆರೆಯ ಬದಿ, ಸಾಬರಕಾಂಠಾದ ಪೋಲೋ ಕಾಡು. ವಡೋದರಾದವರಿಗೆ ಪಾವಾಗಢದ ಬುಡದ ಚಾಂಪಾನೇರ್, ಜಾಂಬುಘೋಡಾ, ಏಕತಾ ನಗರ. ಸೂರತ್‌ನವರಿಗೆ ದಾಂಡಿಯ ಕಡಲತೀರ, ಡಾಂಗ್ ಜಿಲ್ಲೆಯ ಸಾಪುತಾರಾ ಘಾಟಿ. ಬ್ರೆವೆ ಎಂಬ 200 ಕಿ.ಮೀ.ಯ ದೂರದ ಸೈಕಲ್ ಸವಾರಿಗಾಗಿ ನಸುಕಿನಲ್ಲೇ ಆರಂಭದ ಜಾಗ ಮುಟ್ಟಬೇಕಾದವರೂ ಇದ್ದಾರೆ. ಇವರೆಲ್ಲರ ಪ್ರಶ್ನೆ ಒಂದೇ: ಮನೆಯ ಎಸ್‌ಯುವಿಯಲ್ಲಿ ಸೈಕಲ್ ಒಯ್ಯುವುದು ಹೇಗೆ?

2024-25ರಲ್ಲಿ ದೇಶದಲ್ಲಿ ಮಾರಾಟವಾದ ಪ್ರಯಾಣಿಕ ವಾಹನಗಳಲ್ಲಿ ಸುಮಾರು ಶೇ 65ರಷ್ಟು ಯುಟಿಲಿಟಿ ವಾಹನಗಳೇ. ಹಾಗಾಗಿ ಇದು ಕೆಲವೇ ಹವ್ಯಾಸಿಗಳ ಪ್ರಶ್ನೆಯಾಗಿ ಉಳಿದಿಲ್ಲ. ನೌಕರಿ, ಹೋಟೆಲ್ ಉದ್ಯಮ ಎಂದು ಈ ಮೂರು ಊರುಗಳಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಿಗೂ, ಇಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಇದೇ ಯೋಚನೆಯಲ್ಲಿರುವವರಿಗೂ ಉತ್ತರ ಬಹುಮಟ್ಟಿಗೆ ಒಂದೇ.

ಅಮೆರಿಕ, ಯೂರೋಪಿನ ಸೈಕಲ್ ಬಳಗ ಈ ಪ್ರಶ್ನೆಗೆ ಎಂದೋ ತೀರ್ಪು ಕೊಟ್ಟಾಗಿದೆ: ಗಾಡಿಯ ಹಿಂಬದಿಯ ಅಡಿ ಬಿಗಿಯುವ ಹಿಚ್‌ಗೆ ಸಿಕ್ಕಿಸುವ ರ‍್ಯಾಕ್ ಎಲ್ಲಕ್ಕಿಂತ ಉತ್ತಮ. ಸೈಕಲ್ಲನ್ನು ಮೊಣಕಾಲೆತ್ತರಕ್ಕೆ ಎತ್ತಿದರೆ ಸಾಕು, ಕಾರಿನ ಬಣ್ಣಕ್ಕೆ ಗೀರು ಬೀಳುವುದಿಲ್ಲ, ಚಾವಣಿಯ ಮೇಲಿಟ್ಟಾಗಿನಷ್ಟು ಗಾಳಿಯ ಅಡ್ಡಿಯೂ ಇಲ್ಲ. ತೀರ್ಪು ಸರಿಯೇ. ಆದರೆ ಅದು ಮೂರು ಸಂಗತಿಗಳನ್ನು ಹೇಳದೆಯೇ ಒಪ್ಪಿಕೊಂಡಿದೆ: ಗಾಡಿಯ ಅಡಿಯಲ್ಲಿ ನಂಬಬಹುದಾದ ಹಿಚ್ ಇದೆ, ಮರೆಯಾದ ನಂಬರ್ ಪ್ಲೇಟಿಗೆ ಬದಲಿ ವ್ಯವಸ್ಥೆಯಿದೆ, ಮರೆಯಾದ ದೀಪಗಳಿಗೆ ವಿದ್ಯುತ್ ಸಂಪರ್ಕವಿದೆ. ನಮ್ಮಲ್ಲಿ ಈ ಮೂರೂ ಸಾಮಾನ್ಯವಾಗಿ ರ‍್ಯಾಕ್‌ನ ಡಬ್ಬದಲ್ಲಿ ಬರುವುದಿಲ್ಲ, ಕಾರಿನ ಶೋರೂಮಿನಲ್ಲೂ ಸಿಗುವುದಿಲ್ಲ. ಆದ್ದರಿಂದ ಯಾವ ರ‍್ಯಾಕ್ ಎನ್ನುವುದು ಇಲ್ಲಿ ಕೊನೆಯ ಪ್ರಶ್ನೆ.

ಗಾಡಿಯ ಅಡಿಯಲ್ಲಿ ಏನಿದೆ?

ಹಿಂದಿನ ಬಂಪರ್‌ನ ಕೆಳಗೆ, ಚಾಸಿಗೆ ಬೋಲ್ಟ್ ಮಾಡಿದ ಉಕ್ಕಿನ ಅಡ್ಡತೊಲೆಯೇ ಹಿಚ್. ಅದರ ನಡುವೆ ಹೊರಮುಖವಾಗಿ ಚೌಕ ಕೊಳವೆಯ ಬಾಯಿ, ಇದೇ ರಿಸೀವರ್. ರ‍್ಯಾಕ್‌ನ ಚೌಕ ದಂಡವನ್ನು ಅದರೊಳಗೆ ತೂರಿಸಿ ಅಡ್ಡ ಪಿನ್ ಹಾಕಿದರೆ ಆಯಿತು. ಟ್ರೈಲರ್ ಎಳೆಯಲೆಂದು ಅಮೆರಿಕದಲ್ಲಿ ಬೆಳೆದ ಈ ಪದ್ಧತಿಯಲ್ಲಿ ಸಣ್ಣ ಕಾರುಗಳಿಗೆ ಒಂದೂಕಾಲು ಅಂಗುಲದ ಬಾಯಿ, ಎಸ್‌ಯುವಿಗಳಿಗೆ 2 ಅಂಗುಲದ್ದು. ಯೂರೋಪಿನ ದಾರಿ ಬೇರೆ. ಅಲ್ಲಿ ಚೌಕ ಬಾಯಿಯಿಲ್ಲ, 50 ಮಿ.ಮೀ. ವ್ಯಾಸದ ಉಕ್ಕಿನ ಗುಂಡಿರುತ್ತದೆ, ರ‍್ಯಾಕ್ ಆ ಗುಂಡನ್ನೇ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಸ್ವೀಡನ್ನಿನ ಥೂಲೆಯಂಥ ಕಂಪನಿಗಳು ಎರಡೂ ಬಗೆಯ ರ‍್ಯಾಕ್ ಮಾಡುತ್ತವೆ. (1942ರಲ್ಲಿ ಎರಿಕ್ ಥುಲಿನ್ ಈ ಕಂಪನಿ ಕಟ್ಟಿದಾಗ ಮಾರಿದ್ದು ರ‍್ಯಾಕ್ ಅಲ್ಲ, ಮೀನು ಹಿಡಿಯುವ ಬೋನು.) ಆನ್‌ಲೈನ್‌ನಲ್ಲಿ ರ‍್ಯಾಕ್ ತರಿಸುವವರು ಮೊದಲು ನೋಡಬೇಕಾದ್ದು ಅದು ಯಾವ ಬಗೆಯದೆಂದು. ಗುಂಡಿನ ರ‍್ಯಾಕ್ ಚೌಕ ಬಾಯಿಗೆ ಕೂರದು, ಚೌಕದ್ದು ಗುಂಡಿಗೆ ಕೂರದು.

ನಮ್ಮ ಕಾರುಗಳಲ್ಲಿ ಹಿಂದುಗಡೆ ಕಾಣುವುದು ಸಾಮಾನ್ಯವಾಗಿ ಎಳೆಯುವ ಕೊಂಡಿ ಮಾತ್ರ. ಕೆಟ್ಟುನಿಂತ ಗಾಡಿಯನ್ನು ಹಗ್ಗ ಕಟ್ಟಿ ಎಳೆಯಲು ಕೊಟ್ಟ ಈ ಕೊಂಡಿಯ ಮೇಲೆ ಸೈಕಲ್ ಭಾರ ಹೊರಿಸುವಂತಿಲ್ಲ. ಹಾಗಾಗಿ ಹಿಚ್ ಬೇಕೆಂದರೆ ಹೊರಗಡೆ ಹಾಕಿಸಬೇಕು. ಅಲ್ಲಿ ಗಾಡಿಗಳು ಎರಡು ಜಾತಿಯಾಗಿ ಒಡೆಯುತ್ತವೆ.

ಬೊಲೆರೊ, ಸ್ಕಾರ್ಪಿಯೊ, ಥಾರ್, ಫಾರ್ಚುನರ್, ಇನ್ನೋವಾ ಕ್ರಿಸ್ಟಾ, ಜಿಮ್ನಿ ಇವು ಏಣಿಯಾಕಾರದ ಚಾಸಿಯ ಮೇಲೆ ಕಟ್ಟಿದ ಗಾಡಿಗಳು. ಉದ್ದಕ್ಕೆ ಸಾಗುವ ಎರಡು ಗಟ್ಟಿ ತೊಲೆಗಳ ತುದಿಗೆ ಹಿಚ್ ಬೋಲ್ಟ್ ಮಾಡಲು ಆಧಾರ ಸಿಗುತ್ತದೆ. ಕ್ರೆಟಾ, ಬ್ರೆಜಾ, ನೆಕ್ಸಾನ್, ಹ್ಯಾರಿಯರ್, ಹೆಕ್ಟರ್, ಎಕ್ಸ್‌ಯುವಿ 700 ಇವು ಮೊನೊಕಾಕ್, ದೇಹವೇ ಚಾಸಿ. ಇವುಗಳಲ್ಲಿ ಹಿಚ್‌ಗೆ ಉಳಿಯುವ ಜಾಗ ಬಂಪರ್‌ನ ಒಳತೊಲೆ ಕೂರುವ ತುದಿಗಳು. ಹಿಂದಿನಿಂದ ಯಾರಾದರೂ ಗುದ್ದಿದರೆ ಮುದುಡಿ ಪೆಟ್ಟು ಹೀರಬೇಕಾದ ಭಾಗವೂ ಅದೇ. ಅಲ್ಲಿಗೆ ಅಳತೆಯಿಲ್ಲದ ತೊಲೆಯೊಂದನ್ನು ಬೆಸೆದರೆ ಪೆಟ್ಟು ಹೀರುವ ಬದಲು ನೇರ ಒಳಗೆ ದಾಟುತ್ತದೆ. ಮೊನೊಕಾಕ್ ಗಾಡಿಗೆ ಹಿಚ್ ಹಾಕಲೇಬಾರದೆಂದಲ್ಲ; ಆ ಮಾದರಿಗೆಂದೇ ವಿನ್ಯಾಸ ಮಾಡಿದ, ಕಾರ್ಖಾನೆಯ ಬೋಲ್ಟ್ ತೂತುಗಳನ್ನೇ ಬಳಸುವ ಹಿಚ್ ಸಿಕ್ಕರೆ ಮಾತ್ರ ಹಾಕಬೇಕು.

ಅಂಥದ್ದು ಇದೆಯೇ ಎಂದು ತಿಳಿಯಲು ಸುಲಭದ ದಾರಿಯೊಂದಿದೆ. ಇಲ್ಲಿ ತಯಾರಾದ ಹಲವು ಎಸ್‌ಯುವಿಗಳು ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಿಗೆ ರಫ್ತಾಗುತ್ತವೆ. ಅಲ್ಲಿ ಟೋಬಾರ್, ಅಂದರೆ ಟ್ರೈಲರ್ ಎಳೆಯುವ ಹಿಚ್, ಮಾಮೂಲಿ ಸಾಮಾನು. ಭಾರತದಲ್ಲೇ ತಯಾರಾಗಿ ಆಸ್ಟ್ರೇಲಿಯಾಕ್ಕೆ ಹೋಗುವ ಐದು ಬಾಗಿಲಿನ ಜಿಮ್ನಿಗೆ ಅಲ್ಲಿ ಬ್ರೇಕ್ ಇರುವ 1300 ಕೆ.ಜಿ.ಯ ಟ್ರೈಲರ್ ಎಳೆಯಲು ಅನುಮತಿಯಿದೆ. ಎಕ್ಸ್‌ಯುವಿ 700 ಮತ್ತು ಸ್ಕಾರ್ಪಿಯೊಗಳೂ ಅಲ್ಲಿ ಮಾರಾಟದಲ್ಲಿವೆ. ನಿಮ್ಮ ಗಾಡಿಯ ಹೊರದೇಶದ ಕೈಪಿಡಿ ಅಂತರ್ಜಾಲದಲ್ಲಿ ಸಿಕ್ಕರೆ ಅದರಲ್ಲಿ ಹಿಚ್‌ನ ಮೇಲೆ ನೇರ ಕೆಳಮುಖವಾಗಿ ಎಷ್ಟು ಭಾರ ಬೀಳಬಹುದೆಂದು ಬರೆದಿರುತ್ತದೆ. ಎಷ್ಟು ಎಳೆಯಬಲ್ಲದು ಎಂಬ ದೊಡ್ಡ ಅಂಕಿ ನೋಡಿ ಮರುಳಾಗಬಾರದು. ಸೈಕಲ್ ರ‍್ಯಾಕ್‌ಗೆ ಲೆಕ್ಕಕ್ಕೆ ಬರುವುದು ಈ ಸಣ್ಣ ಅಂಕಿ.

ಚೌಕ ಕೊಳವೆಯ ಎರಡು ಮಿಲಿಮೀಟರ್

ಅಹಮದಾಬಾದಿನ ವಟವಾ, ಓಢವ್, ವಡೋದರಾದ ಮಕರಪುರಾ, ಸೂರತ್‌ನ ಪಾಂಡೇಸರಾ ಕೈಗಾರಿಕಾ ವಸಾಹತುಗಳ ಹೆಸರು ಕೇಳಿದವರಿಗೆ ಗೊತ್ತು, ಇಲ್ಲಿ ಉಕ್ಕು ಕತ್ತರಿಸಿ ಬೆಸೆಯುವ ಕೈಗಳಿಗೆ ಬರವಿಲ್ಲ. ಹಜೀರಾದ ಉಕ್ಕಿನ ಕಾರ್ಖಾನೆ ಸೂರತ್‌ನ ಮಗ್ಗುಲಲ್ಲೇ ಇದೆ. ಆದ್ದರಿಂದ ಹಿಚ್ ಅನ್ನು ಇಲ್ಲೇ ಮಾಡಿಸಿಬಿಡೋಣ ಎನ್ನುವ ಆಸೆ ಸಹಜ. ಮಾಡಿಸುವವರು ಒಂದು ಲೆಕ್ಕವನ್ನು ಎದುರಿಗಿಟ್ಟುಕೊಂಡು ಹೋಗಲಿ.

ಹೊರದೇಶದ ರ‍್ಯಾಕ್‌ನ ದಂಡ 2 ಅಂಗುಲ, ಅಂದರೆ 50.8 ಮಿ.ಮೀ. ನಮ್ಮ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಚೌಕ ಕೊಳವೆಯ ಹೊರ ಅಳತೆ 60 ಮಿ.ಮೀ. ಅದರ ಗೋಡೆ 5 ಮಿ.ಮೀ. ದಪ್ಪವಿದ್ದರೆ ಒಳಗೆ ಉಳಿಯುವುದು 50. ದಂಡ ಹೋಗುವುದೇ ಇಲ್ಲ. ಗೋಡೆ 4 ಮಿ.ಮೀ. ಆದರೆ ಒಳಗೆ 52. ದಂಡ ಹೋಗುತ್ತದೆ, ಆದರೆ ಒಂದು ಮಿಲಿಮೀಟರ್‌ಗಿಂತ ಹೆಚ್ಚು ಸಡಿಲ. ದಂಡದ ಬಾಯಲ್ಲಿ ಒಂದು ಮಿಲಿಮೀಟರ್ ಎಂದರೆ ಮುಕ್ಕಾಲು ಮೀಟರ್ ಆಚೆ ಇರುವ ಕೊನೆಯ ಸೈಕಲ್ಲಿನಲ್ಲಿ ಅದು ಕಣ್ಣಿಗೆ ಕಾಣುವ ಓಲಾಟ. 63.5 ಮಿ.ಮೀ. ಕೊಳವೆ, 6 ಮಿ.ಮೀ. ಗೋಡೆ ಸಿಕ್ಕರೆ ಒಳಗೆ 51.5, ಹದವಾದ ಹೊಂದಿಕೆ. ಅದರಲ್ಲೂ ಕೊಳವೆಯ ಒಳಗಿನ ಬೆಸುಗೆಯ ಏಣನ್ನು ಉಜ್ಜಿ ತೆಗೆಯದೆ ಹೋದರೆ ದಂಡ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಅಡ್ಡ ಪಿನ್ 16 ಮಿ.ಮೀ.ಯದ್ದಾಗಬೇಕು. ಉಳಿದ ಸಡಿಲವನ್ನು ಪಕ್ಕದಿಂದ ಒತ್ತಿ ಹಿಡಿಯುವ ಬೋಲ್ಟ್ ತಡೆಯುತ್ತದೆ. ಒಳ್ಳೆಯ ರ‍್ಯಾಕ್‌ಗಳಲ್ಲಿ ಇದಕ್ಕೆ ವ್ಯವಸ್ಥೆ ಇದ್ದೇ ಇರುತ್ತದೆ.

ಕೊಳವೆಯಷ್ಟೇ ಅಲ್ಲ, ಅದು ಅಡ್ಡತೊಲೆಗೆ ಸೇರುವ ಬೆಸುಗೆಯೂ ಮುಖ್ಯ. ಗೇಟು, ಗ್ರಿಲ್ ಬೆಸೆಯುವ ಕೈಗೆ ಈ ಕೆಲಸ ಕೊಡಬಾರದು. ಅಲ್ಲಿ ಬೆಸುಗೆ ಬಿಟ್ಟರೆ ಗೇಟು ವಾಲುತ್ತದೆ. ಇಲ್ಲಿ ಬಿಟ್ಟರೆ ಎರಡು ಸೈಕಲ್ ಸಮೇತ ರ‍್ಯಾಕ್ ಹಿಂದೆ ಬರುವ ಸ್ಕೂಟರಿನ ಮುಂದೆ ಬೀಳುತ್ತದೆ. ಚಾಸಿಗೆ ನೇರ ಬೆಸುಗೆ ಮಾಡಲು ಬಿಡಲೇಬಾರದು. ಬೋಲ್ಟ್ ಮಾತ್ರ, ಅದೂ ಕಾರ್ಖಾನೆ ಬಿಟ್ಟ ತೂತುಗಳಲ್ಲಿ.

ಐವತ್ತು ಕೆ.ಜಿ.ಯ ನಿಜವಾದ ಭಾರ

ರ‍್ಯಾಕ್ 20 ಕೆ.ಜಿ., ತಲಾ 15 ಕೆ.ಜಿ.ಯ ಎರಡು ಹೈಬ್ರಿಡ್ ಸೈಕಲ್. ಒಟ್ಟು 50 ಕೆ.ಜಿ. ಡಿಕ್ಕಿಯಲ್ಲಿಟ್ಟ ಅಕ್ಕಿ ಮೂಟೆಯಷ್ಟೇ ತಾನೆ ಎನಿಸಬಹುದು. ಆದರೆ ಈ ಭಾರ ಕಾರಿನೊಳಗಿಲ್ಲ, ಹಿಂದಿನ ಆ್ಯಕ್ಸಲ್‌ನಿಂದ ಸುಮಾರು 1.4 ಮೀಟರ್ ಆಚೆ ನೇತಾಡುತ್ತಿದೆ. ಕ್ರೆಟಾದಂಥ ಗಾಡಿಯಲ್ಲಿ ಎರಡು ಆ್ಯಕ್ಸಲ್‌ಗಳ ನಡುವಿನ ದೂರ 2.6 ಮೀಟರ್. ಸನ್ನೆಕೋಲಿನ ಲೆಕ್ಕ ಹಾಕಿದರೆ ಹಿಂದಿನ ಆ್ಯಕ್ಸಲ್ ಮೇಲೆ ಬೀಳುವುದು 50 ಅಲ್ಲ, 77 ಕೆ.ಜಿ. ಮುಂದಿನ ಆ್ಯಕ್ಸಲ್‌ನಿಂದ 27 ಕೆ.ಜಿ. ಎದ್ದುಹೋಗುತ್ತದೆ. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ಸಾಮಾನು ಸೇರಿದರೆ ಗಾಡಿಯ ಬಾಲ ಕುಸಿದು ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಹಿಂದಿನ ಟೈರಿನ ಗಾಳಿಯನ್ನು ತುಂಬಿದ ಗಾಡಿಗೆ ಹೇಳಿದ ಮಟ್ಟಕ್ಕೆ ಏರಿಸುವುದು, ಹೆಡ್‌ಲೈಟಿನ ಎತ್ತರ ತಗ್ಗಿಸುವ ಗುಂಡಿಯನ್ನು ಬಳಸುವುದು ಆಗ ಅಗತ್ಯ.

ಇದು ಸಮತಟ್ಟು ರಸ್ತೆಯ ಮಾತು. ಹಂಪ್ಸ್ ಹಾರಿದಾಗ, ಗುಂಡಿಗೆ ಇಳಿದಾಗ ಅದೇ 50 ಕೆ.ಜಿ. ಕ್ಷಣಕಾಲ ಎರಡು ಮೂರು ಪಟ್ಟಾಗಿ ಜಗ್ಗುತ್ತದೆ. ಗುಜರಾತಿನ ಹೆದ್ದಾರಿ ನುಣುಪಾಗಿರಬಹುದು, ಸೊಸೈಟಿಯ ಗೇಟಿನ ಮುಂದಿನ ಹಂಪ್ಸ್ ಹಾಗಿಲ್ಲ. ಆದ್ದರಿಂದ ಹಿಚ್‌ನ ಮಿತಿ 75 ಕೆ.ಜಿ. ಎಂದಿದ್ದರೆ 75 ಕೆ.ಜಿ. ಹೊರಿಸುವುದಲ್ಲ, ಎರಡು ಸೈಕಲ್ಲಿಗೆ ನಿಲ್ಲಿಸುವುದು ಜಾಣತನ. ನಾಲ್ಕು ಸೈಕಲ್ಲಿನ ರ‍್ಯಾಕ್ ಏಣಿ ಚಾಸಿಯ ದೊಡ್ಡ ಗಾಡಿಗಳಿಗೇ ಸರಿ. ರ‍್ಯಾಕ್ ಉದ್ದವಾದಷ್ಟೂ ಬೇಸ್‌ಮೆಂಟ್ ಇಳಿಜಾರಿನಲ್ಲಿ ಅದರ ತುದಿ ನೆಲಕ್ಕೆ ಉಜ್ಜುವ ಸಾಧ್ಯತೆಯೂ ಹೆಚ್ಚು.

ತೂಗುಹಾಕುವುದೋ, ಕೂರಿಸುವುದೋ

ಹಿಚ್ ರ‍್ಯಾಕ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಕಂಬದಿಂದ ಹೊರಟ ಎರಡು ತೋಳುಗಳ ಮೇಲೆ ಸೈಕಲ್ಲಿನ ಮೇಲಿನ ಅಡ್ಡಪೈಪನ್ನು ಇಟ್ಟು ತೂಗುಹಾಕುವುದು. ಹಗುರ, ಅಗ್ಗ, ಮಡಚಿದರೆ ಬಾಗಿಲ ಹಿಂದೆ ಇಡಬಹುದು. ಎರಡನೆಯದು ತಟ್ಟೆಯ ಮೇಲೆ ಚಕ್ರಗಳನ್ನು ಕೂರಿಸಿ, ಮುಂದಿನ ಚಕ್ರವನ್ನೋ ಚೌಕಟ್ಟನ್ನೋ ಕೊಕ್ಕೆಯಿಂದ ಹಿಡಿಯುವುದು. ಭಾರ ಹೆಚ್ಚು, ಬೆಲೆ ಇನ್ನೂ ಹೆಚ್ಚು. ಆದರೆ ಸೈಕಲ್ ಒಂದಕ್ಕೊಂದು ತಿಕ್ಕುವುದಿಲ್ಲ, ಏರಿಸಿ ಇಳಿಸಲು ಬೇಕಾದ ಹೊತ್ತೂ ಕಡಿಮೆ. ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ ಮುಂದಿನ ಚಕ್ರದಿಂದ ತೂಗುವ ಮೂರನೆಯ ಬಗೆ ಮೌಂಟನ್ ಬೈಕ್ ತಂಡಗಳದು. ಕುಟುಂಬದ ಗಾಡಿಗೆ ಅದು ಬೇಕಿಲ್ಲ.

ಕಾರ್ಬನ್ ಚೌಕಟ್ಟಿನ ಸೈಕಲ್ಲಿಗೆ ತೂಗುವ ರ‍್ಯಾಕ್ ಬೇಡ. ತೆಳ್ಳನೆಯ ಅಡ್ಡಪೈಪನ್ನು ಹಿಡಿಕೆ ಹಿಂಡುತ್ತದೆ. ಅಡ್ಡಪೈಪು ಇಳಿಜಾರಾಗಿರುವ ಅಥವಾ ಇಲ್ಲವೇ ಇಲ್ಲದ ಹೆಂಗಸರ ಸೈಕಲ್, ಮಕ್ಕಳ 16 ಮತ್ತು 20 ಅಂಗುಲದ ಸೈಕಲ್ ತೋಳಿನ ಮೇಲೆ ನೆಟ್ಟಗೆ ನಿಲ್ಲುವುದಿಲ್ಲ. ಸೀಟಿನ ಕಂಬಕ್ಕೂ ಹ್ಯಾಂಡಲ್‌ಗೂ ನಡುವೆ ಹಾಕುವ ತಾತ್ಕಾಲಿಕ ಪೈಪು ಬೇಕು. ಕುಟುಂಬವೆಂದ ಮೇಲೆ ಈ ಎರಡು ಬಗೆಯ ಸೈಕಲ್ಲೂ ಇದ್ದೇ ಇರುತ್ತವೆ. 20ರಿಂದ 25 ಕೆ.ಜಿ. ತೂಗುವ ವಿದ್ಯುತ್ ಸೈಕಲ್ ಇದ್ದರೆ ತಟ್ಟೆಯ ರ‍್ಯಾಕ್ ಹೊರತು ಬೇರೆ ಗತಿಯಿಲ್ಲ. ಬ್ಯಾಟರಿ ಕಳಚಿ ಕಾರಿನೊಳಗಿಡಬೇಕು.

ಹೊರದೇಶದ ವಿಮರ್ಶೆಗಳಲ್ಲಿ ಅಷ್ಟಾಗಿ ಕಾಣದ ತೊಡಕೊಂದು ನಮ್ಮದೇ. ಮುಂದಿನ ಚಕ್ರವನ್ನು ಮೇಲಿಂದ ಅಮುಕಿ ಹಿಡಿಯುವ ಕೊಕ್ಕೆಯ ರ‍್ಯಾಕ್‌ಗಳು ಮಡ್‌ಗಾರ್ಡ್ ಇಲ್ಲದ ಸೈಕಲ್ಲಿಗೆ ಮಾಡಿದವು. ನಮ್ಮ ಮನೆಗಳ ಸೈಕಲ್ಲಿಗೆ ಮಡ್‌ಗಾರ್ಡ್, ಕ್ಯಾರಿಯರ್, ಚೈನ್ ಕವರ್, ಸ್ಟ್ಯಾಂಡ್ ಎಲ್ಲ ಉಂಟು. ಕೊಕ್ಕೆ ಬಿಗಿದರೆ ತಗಡಿನ ಮಡ್‌ಗಾರ್ಡ್ ಸೊಟ್ಟಗಾಗಿ ಟೈರಿಗೆ ತಾಗುತ್ತದೆ. ಅಂಥ ಮನೆಗೆ ಚೌಕಟ್ಟನ್ನು ಹಿಡಿಯುವ ತೋಳಿರುವ ತಟ್ಟೆಯ ರ‍್ಯಾಕ್ ಆಗಬೇಕು. ಅಂಗಡಿಗೆ ಹೋಗುವಾಗ ಮನೆಯ ಅತಿ ವಿಚಿತ್ರ ಸೈಕಲ್ಲನ್ನೇ ಜೊತೆಗೆ ಒಯ್ಯಿರಿ. ಅದು ಕೂತರೆ ಉಳಿದವೂ ಕೂರುತ್ತವೆ.

ನಂಬರ್ ಪ್ಲೇಟು, ದೀಪ, ಕಾನೂನು

ನೋಡುವವರ ಗಮನ ರ‍್ಯಾಕ್‌ನ ಗಟ್ಟಿತನದ ಮೇಲಿರುತ್ತದೆ. ಪೊಲೀಸರ ಕ್ಯಾಮೆರಾದ ಗಮನ ನಂಬರ್ ಪ್ಲೇಟಿನ ಮೇಲೆ. ಗುಜರಾತಿನ ನಗರಗಳಲ್ಲಿ ಜನ ಇ-ಮೆಮೊ ಎಂದು ಕರೆಯುವ ದಂಡದ ಚೀಟಿ ಮನೆಗೇ ಬರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ 50ನೇ ನಿಯಮದ ಪ್ರಕಾರ ಪ್ಲೇಟು ಕಾಣುವಂತಿರಬೇಕು. ತಟ್ಟೆಯ ರ‍್ಯಾಕ್ ಮೇಲೆ ಎರಡು ಸೈಕಲ್ ನಿಂತರೆ ಹಿಂದಿನ ಪ್ಲೇಟು ಮರೆಯಾಗುವುದು ಬಹುತೇಕ ಖಚಿತ.

ಯೂರೋಪಿನ ರ‍್ಯಾಕ್‌ಗಳಿಗೆ ಹೆಚ್ಚುವರಿ ಪ್ಲೇಟು ಹಾಕುವ ಚೌಕಟ್ಟು, ದೀಪಗಳು ಸೇರಿಯೇ ಬರುತ್ತವೆ. ಅಲ್ಲಿನ ಹಲವು ದೇಶಗಳ ಕಾನೂನು ಅದಕ್ಕೆ ಜಾಗ ಕೊಟ್ಟಿದೆ. ನಮ್ಮಲ್ಲಿ 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಅತಿಸುರಕ್ಷಿತ ಪ್ಲೇಟು ಕಡ್ಡಾಯ: ಹೋಲೋಗ್ರಾಂ, ಲೇಸರ್‌ನಲ್ಲಿ ಕೊರೆದ ಗುರುತಿನ ಸಂಖ್ಯೆ, ಒಮ್ಮೆ ಹಾಕಿದರೆ ಮುರಿಯದೆ ತೆಗೆಯಲಾಗದ ಲಾಕು. ಇದನ್ನು ಕಳಚಿ ರ‍್ಯಾಕ್‌ಗೆ ಹಾಕುವಂತಿಲ್ಲ. ಬೀದಿ ಬದಿಯ ಅಂಗಡಿಯಲ್ಲಿ ಅಚ್ಚು ಹಾಕಿಸಿದ ಮೂರನೆಯ ಪ್ಲೇಟು ಅತಿಸುರಕ್ಷಿತ ಪ್ಲೇಟು ಆಗುವುದಿಲ್ಲ. ಹಾಗಾಗಿ ನಮ್ಮಲ್ಲಿ ರ‍್ಯಾಕ್ ಆಯ್ಕೆಯ ಮೊದಲ ಪರೀಕ್ಷೆ ಇದು: ಸೈಕಲ್ ಏರಿಸಿ ಹತ್ತು ಹೆಜ್ಜೆ ಹಿಂದೆ ಸರಿದು ನಿಂತು ನೋಡಿ. ಪ್ಲೇಟಿನ ಎಲ್ಲ ಅಕ್ಷರ, ಎರಡೂ ಬದಿಯ ಬ್ರೇಕ್ ದೀಪ, ಇಂಡಿಕೇಟರ್ ಕಾಣುತ್ತವೆಯೇ? ಪ್ಲೇಟು ಡಿಕ್ಕಿ ಬಾಗಿಲಿನ ಮಧ್ಯದಲ್ಲಿರುವ ಗಾಡಿಗೆ ಒಂದು ಉತ್ತರ, ಕೆಳಗೆ ಬಂಪರ್‌ನಲ್ಲಿರುವ ಗಾಡಿಗೆ ಇನ್ನೊಂದು.

ದೀಪದ ಸಮಸ್ಯೆಗೆ ರ‍್ಯಾಕ್ ಮೇಲೆ ಪ್ರತ್ಯೇಕ ದೀಪದ ಪಟ್ಟಿ ಕೂರಿಸಬಹುದು. ಅದಕ್ಕೆ ಗಾಡಿಯ ವೈರಿಂಗ್‌ನಿಂದ ಸಂಪರ್ಕ ತೆಗೆಯಬೇಕು. ಇಂದಿನ ಕಾರುಗಳಲ್ಲಿ ಬಲ್ಬಿಗೆ ಹೋಗುವ ವಿದ್ಯುತ್ತನ್ನೂ ಕಂಪ್ಯೂಟರ್ ಅಳೆಯುತ್ತದೆ. ವೈರ್ ಸುಲಿದು ಜೋಡಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ಬೆಳಗುತ್ತದೆ, ವಾರಂಟಿಯ ಮಾತಿಗೂ ತಕರಾರು ಏಳುತ್ತದೆ. ಮಾದರಿಗೆ ತಕ್ಕ ಜೋಡಣೆಯ ವೈರ್ ಗೊಂಚಲು ಸಿಕ್ಕರೆ ಮಾತ್ರ ಕೈ ಹಾಕುವುದು ಒಳ್ಳೆಯದು. ಇನ್ನು 2019ರ ಜುಲೈನಿಂದ ಹೊಸ ಕಾರುಗಳಿಗೆ ಕಡ್ಡಾಯವಾದ ಹಿಂಬದಿ ಸೆನ್ಸರ್, ರ‍್ಯಾಕ್ ಹಾಕಿದ ಮೇಲೆ ರಿವರ್ಸ್ ಹಾಕಿದಾಗಲೆಲ್ಲ ಕೂಗುತ್ತದೆ. ಕ್ಯಾಮೆರಾದಲ್ಲಿ ಕಾಣುವುದು ಸೈಕಲ್ಲಿನ ಪೆಡಲ್ ಮಾತ್ರ. ಹಿಂದಕ್ಕೆ ತೆಗೆಯುವಾಗ ಒಬ್ಬರು ಇಳಿದು ನಿಲ್ಲಬೇಕು.

ಗಾಡಿಯ ಮಾರ್ಪಾಡಿನ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಗಿಯಾಗಿದೆ: ತಯಾರಕರು ಕೊಟ್ಟ ಮೂಲ ವಿವರಕ್ಕೆ ನೋಂದಣಿ ಪತ್ರ ಹೊಂದದಂತೆ ಬದಲಾವಣೆ ಮಾಡುವಂತಿಲ್ಲ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬಂಪರ್ ಮುಂದೆ ಹಾಕಿಸುವ ಬುಲ್ ಬಾರ್‌ಗಳ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಬರೆದಾಗ ಆಧಾರವಾಗಿ ತೋರಿಸಿದ್ದು ಇದೇ ಸೆಕ್ಷನ್. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕೂಡ ಮೂಲ ವಿನ್ಯಾಸ ಬದಲಿಸುವುದರ ವಿರುದ್ಧ ತೀರ್ಪು ಕೊಟ್ಟಿತು. ಬೋಲ್ಟ್ ಬಿಚ್ಚಿದರೆ ಹೊರಬರುವ ಹಿಚ್‌ಗೂ, ಚಾಸಿಗೆ ಬೆಸೆದ ತೊಲೆಗೂ ಇರುವ ವ್ಯತ್ಯಾಸ ಇಲ್ಲಿ ಬೆಲೆಬಾಳುತ್ತದೆ: ಮೊದಲನೆಯದನ್ನು ಬಿಚ್ಚಿಡಬಹುದು, ಎರಡನೆಯದಕ್ಕೆ ಸಮರ್ಥನೆ ಹುಡುಕಬೇಕು. ಹಿಚ್ ಹಾಕಿಸಿದ ಮೇಲೆ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸುವುದೂ ಇದೇ ಕಾರಣಕ್ಕೆ.

2019ರ ತಿದ್ದುಪಡಿಯ 194(1ಎ) ಸೆಕ್ಷನ್ ಪ್ರಕಾರ ಸಾಮಾನು ಅನುಮತಿಸಿದ ಮಿತಿ ಮೀರಿ ಬದಿಗೋ ಹಿಂದಕ್ಕೋ ಚಾಚಿದರೆ ದಂಡ 20,000 ರೂಪಾಯಿ. ಸೈಕಲ್ ಅಡ್ಡಲಾಗಿ ನಿಲ್ಲುವುದರಿಂದ ಅಗಲದ ಲೆಕ್ಕ ಹಾಕಬೇಕು. ದೊಡ್ಡವರ ಹೈಬ್ರಿಡ್ ಸೈಕಲ್ ಸುಮಾರು 1.75 ಮೀಟರ್ ಉದ್ದ. ಕ್ರೆಟಾದ ಅಗಲ 1.79 ಮೀಟರ್. ಹೊಂದಿಕೊಂಡಿತು. 29 ಅಂಗುಲ ಚಕ್ರದ ಮೌಂಟನ್ ಬೈಕ್ 1.85 ಮೀಟರ್ ಮುಟ್ಟುತ್ತದೆ. ಆಗ ಎರಡೂ ಬದಿ ಮೂರು ಮೂರು ಸೆಂ.ಮೀ. ಹೊರಗೆ. ಸ್ಕಾರ್ಪಿಯೊ-ಎನ್‌ಗೆ 1.9 ಮೀಟರ್ ದಾಟಿದ ಅಗಲವಿರುವುದರಿಂದ ಅಲ್ಲಿ ಈ ಚಿಂತೆಯಿಲ್ಲ. ಮುಂದಿನ ಚಕ್ರ ಕಳಚಿದರೆ ಯಾವ ಗಾಡಿಯಲ್ಲೂ ಇಲ್ಲ.

ಚಾವಣಿ ಏಕೆ ಬೇಡ, ಹಿಚ್ ಅಲ್ಲದಿದ್ದರೆ ಏನು?

ಚಾವಣಿಯ ರ‍್ಯಾಕ್ ನಂಬರ್ ಪ್ಲೇಟನ್ನೂ ದೀಪವನ್ನೂ ಮುಟ್ಟುವುದಿಲ್ಲ, ಹಿಚ್ ಬೇಡ. ಕಾನೂನಿನ ಕಣ್ಣಿಗೆ ಅದೇ ನಿರುಪದ್ರವಿ. ಆದರೆ 1.65 ಮೀಟರ್ ಎತ್ತರದ ಎಸ್‌ಯುವಿ ಮೇಲೆ ಸೈಕಲ್ ನಿಲ್ಲಿಸಿದರೆ ಒಟ್ಟು ಎತ್ತರ 2.75 ಮೀಟರ್ ದಾಟುತ್ತದೆ. ವಡೋದರಾದ ಅಲಕಾಪುರಿ ಗರನಾಳಾ, ಅಹಮದಾಬಾದಿನ ಮೀಠಾಖಳಿ, ಅಖಬಾರ್‌ನಗರದ ಅಂಡರ್‌ಪಾಸ್‌ಗಳು ಮಳೆಗಾಲದಲ್ಲಿ ನೀರು ನಿಂತು ಸುದ್ದಿಯಾಗುತ್ತವೆ. ತಲೆಯ ಮೇಲೆ ಸೈಕಲ್ ಹೊತ್ತವರಿಗೆ ಇಂಥ ತಗ್ಗುದಾರಿ ಬೇಸಿಗೆಯಲ್ಲೂ ಪರೀಕ್ಷೆಯೇ. ಮಾಲ್‌ಗಳ, ಅಪಾರ್ಟ್‌ಮೆಂಟ್‌ಗಳ ಬೇಸ್‌ಮೆಂಟ್ ಬಾಗಿಲಂತೂ ಇನ್ನೂ ತಗ್ಗು. ದಿನವಿಡೀ ತುಳಿದು ದಣಿದು ಮನೆಗೆ ಬಂದವನಿಗೆ ಮೇಲೆ ಸೈಕಲ್ ಇದೆ ಎಂಬುದು ಮರೆತುಹೋಗುವುದು ಬೇಸ್‌ಮೆಂಟ್ ಬಾಗಿಲಲ್ಲೇ. ಕೆಲವು ಎಸ್‌ಯುವಿಗಳ ಚಾವಣಿಯ ಕಂಬಿಗಳು ಬರೀ ಅಲಂಕಾರಕ್ಕಿವೆ ಎಂಬುದನ್ನೂ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಡಿಕ್ಕಿ ಬಾಗಿಲಿಗೆ ಪಟ್ಟಿ ಕಟ್ಟಿ ನಿಲ್ಲಿಸುವ ರ‍್ಯಾಕ್ ಅಗ್ಗದ ದಾರಿ. ಬೆಲೆ ಕೆಲವು ಸಾವಿರದ ಮಾತು. ಆಮದಾದ ತಟ್ಟೆಯ ಹಿಚ್ ರ‍್ಯಾಕ್ ಹತ್ತಾರು ಸಾವಿರಕ್ಕೆ ಏರುತ್ತದೆ, ಹಿಚ್‌ನ ಖರ್ಚು ಬೇರೆ. ಆದರೆ ಪಟ್ಟಿಯ ಕೊಕ್ಕೆ ಲೋಹದ ಅಂಚಿಗೆ ಬೀಳಬೇಕೇ ಹೊರತು ಪ್ಲಾಸ್ಟಿಕ್ ಸ್ಪಾಯ್ಲರ್‌ಗಲ್ಲ. ಇಂದಿನ ಎಸ್‌ಯುವಿಗಳಲ್ಲಿ ಆ ಸ್ಪಾಯ್ಲರ್ ಬಾಗಿಲಿನ ಮೇಲಂಚನ್ನೇ ಮುಚ್ಚಿರುತ್ತದೆ. ಥಾರ್, ಜಿಮ್ನಿ, ಹಳೆಯ ಇಕೋಸ್ಪೋರ್ಟ್‌ಗಳಿಗೆ ಬೆನ್ನಿನ ಸ್ಟೆಪ್ನಿಯೇ ಆಧಾರ. ಸ್ಟೆಪ್ನಿಗೆ ಬಿಗಿಯುವ ರ‍್ಯಾಕ್ ಎರಡು ಹಗುರ ಸೈಕಲ್ಲಿಗೆ ಸಾಕು, ಅದಕ್ಕಿಂತ ಹೆಚ್ಚು ಬಾಗಿಲಿನ ಕೀಲು ತಾಳದು.

ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗುವ ದಾರಿ ಗಾಡಿಯ ಒಳಗಿದೆ. ಹಿಂದಿನ ಸೀಟನ್ನು 60:40ರಲ್ಲಿ ಮಡಚಿ, ಮುಂದಿನ ಚಕ್ರ ಕಳಚಿದರೆ ಒಂದು ಸೈಕಲ್ ಕಾರಿನೊಳಗೇ ಹೋಗುತ್ತದೆ, ಇನ್ನೋವಾದಲ್ಲಿ ಎರಡು. ಕಳ್ಳರ ಭಯವಿಲ್ಲ, ಕಾನೂನಿನ ಗೊಡವೆಯಿಲ್ಲ. ಬ್ರೆವೆಗೆ ಒಬ್ಬರೇ ಹೋಗುವವರು ಹಳೆಯ ಬೆಡ್‌ಶೀಟು ಹಾಸಿ ಹೀಗೆ ಒಯ್ದರೆ ರ‍್ಯಾಕ್‌ನ ಯೋಚನೆಯೇ ಬೇಡ. ಒಂದು ದಿನದ ವಿಹಾರಕ್ಕಾದರೆ ಬಾಡಿಗೆ ಸೈಕಲ್ಲೂ ಇದೆ; ಅಹಮದಾಬಾದಿನದೇ ಆದ ಮೈಬೈಕ್‌ನಂಥ ಸೇವೆಗಳು ನಡೆಯುತ್ತಿವೆ. ಬೆಂಗಳೂರಿನಲ್ಲಿ ಬಿಎಂಟಿಸಿ 2020ರಲ್ಲಿ ಕೆಲವು ಬಸ್ಸುಗಳ ಮುಂಭಾಗಕ್ಕೇ ಸೈಕಲ್ ರ‍್ಯಾಕ್ ಹಾಕಿತ್ತು. ಕಾರಿಲ್ಲದವರಿಗೂ ಸೈಕಲ್ ಒಯ್ಯುವ ದಾರಿಯಿರಬೇಕೆಂಬ ಆ ಯೋಚನೆ ಗುಜರಾತಿನ ನಗರಗಳಿಗೂ ಒಪ್ಪುವಂಥದ್ದು.

ಬಿಸಿಲು, ಉಪ್ಪು, ಹೊಗೆ

2016ರ ಮೇ 20ರಂದು ಅಹಮದಾಬಾದಿನಲ್ಲಿ 48 ಡಿಗ್ರಿ ಸೆಲ್ಸಿಯಸ್ ಬಿಸಿಲು ದಾಖಲಾಗಿತ್ತು. ಆ ಬಿಸಿಲಿಗೆ ಮೊದಲು ಸೋಲುವುದು ಉಕ್ಕಲ್ಲ, ರಬ್ಬರು ಮತ್ತು ನೈಲಾನ್ ಪಟ್ಟಿ. ತೂಗುವ ರ‍್ಯಾಕ್‌ನ ರಬ್ಬರ್ ಕಚ್ಚುಪಟ್ಟಿಗಳು ಗಟ್ಟಿಯಾಗಿ ಬಿರುಕು ಬಿಡುತ್ತವೆ. ಬಿಡಿಭಾಗವಾಗಿ ಪಟ್ಟಿ ಸಿಗುವ ರ‍್ಯಾಕ್ ಕೊಳ್ಳುವುದು ಅದಕ್ಕೇ. ಸೂರತ್‌ನಲ್ಲಿ, ಮುಖ್ಯವಾಗಿ ಡುಮಸ್, ಹಜೀರಾ ಕಡೆ, ಕಡಲಗಾಳಿಯ ಉಪ್ಪು ರಿಸೀವರ್ ಬಾಯಲ್ಲಿ ತುಕ್ಕು ಕಟ್ಟಿ ದಂಡವನ್ನು ಹಿಡಿದಿಡುತ್ತದೆ. ಬಳಸದಾಗ ಬಾಯಿಗೆ ಮುಚ್ಚಳ, ದಂಡಕ್ಕೆ ತೆಳ್ಳಗೆ ಗ್ರೀಸ್ ಸಾಕು. ಸೈಲೆನ್ಸರ್ ಕೊಳವೆ ಹಿಂದಕ್ಕೆ ಮುಖ ಮಾಡಿರುವ ಗಾಡಿಯಲ್ಲಿ ಕೆಳಗಿನ ಟೈರು ಅದರ ಬಿಸಿಗೆ ನೇರ ಸಿಗುತ್ತದೆ. ರ‍್ಯಾಕ್ ಹಾಕಿ ಎಂಜಿನ್ ಚಾಲೂ ಇಟ್ಟು ಆ ಜಾಗದಲ್ಲಿ ಕೈ ಹಿಡಿದು ನೋಡಿದರೆ ತಿಳಿಯುತ್ತದೆ. ಧೂಳಿಗೆ ಹೆದರಿ ಸೈಕಲ್ಲಿಗೆ ಹೊದಿಕೆ ಹಾಕಬೇಡಿ. ಹೆದ್ದಾರಿಯ ವೇಗದಲ್ಲಿ ಅದು ಗಾಳಿಗೆ ಉಬ್ಬಿ ರ‍್ಯಾಕ್ ಅನ್ನು ಜಗ್ಗುತ್ತದೆ, ದೀಪವನ್ನೂ ಮುಚ್ಚುತ್ತದೆ. ಎಕ್ಸ್‌ಪ್ರೆಸ್‌ವೇಯ ವೇಗಮಿತಿ ಎಷ್ಟಿದ್ದರೂ ಸೈಕಲ್ ಹೊತ್ತಾಗ 80ರ ಆಸುಪಾಸಿನಲ್ಲಿ ಹೋಗುವುದು ಕ್ಷೇಮ. ಊರೊಳಗೆ ಬಂದಾಗ ಖಾಲಿ ರ‍್ಯಾಕ್ ಬಿಚ್ಚಿಡಬೇಕು. ಸಿಗ್ನಲ್‌ನಲ್ಲಿ ಬೆನ್ನಿಗೇ ಬಂದು ನಿಲ್ಲುವ ಸ್ಕೂಟರ್ ಸವಾರರ ಮೊಣಕಾಲಿನ ಮಟ್ಟದಲ್ಲೇ ಅದರ ತುದಿ ಇರುತ್ತದೆ.

ಯಾರಿಗೆ ಯಾವುದು?

ಕ್ರೆಟಾ, ಬ್ರೆಜಾದಂಥ ಗಾಡಿ, ಎರಡು ಸಾಮಾನ್ಯ ಸೈಕಲ್, ತಿಂಗಳಿಗೊಮ್ಮೆ ಪ್ರವಾಸ: ಹಿಚ್‌ಗೆ ದುಡ್ಡು ಸುರಿಯುವ ಅಗತ್ಯವಿಲ್ಲ. ಒಂದು ಸೈಕಲ್ ಒಳಗೆ, ಅಥವಾ ಲೋಹದ ಅಂಚು ಸಿಗುವುದಾದರೆ ಎರಡೂ ಡಿಕ್ಕಿ ಬಾಗಿಲಿನ ರ‍್ಯಾಕ್‌ನಲ್ಲಿ. ಥಾರ್, ಜಿಮ್ನಿ ಇರುವವರು ಸ್ಟೆಪ್ನಿ ರ‍್ಯಾಕ್‌ನಿಂದ ಶುರುಮಾಡಲಿ. ಸ್ಕಾರ್ಪಿಯೊ, ಫಾರ್ಚುನರ್, ಕ್ರಿಸ್ಟಾ ಇದ್ದು, ಮನೆಯಲ್ಲಿ ಮೂರು ನಾಲ್ಕು ಸೈಕಲ್ಲೋ ವಿದ್ಯುತ್ ಸೈಕಲ್ಲೋ ಇದ್ದು, ವಾರ ವಾರ ಹೊರಡುವವರಿಗೆ ಹಿಚ್ ರ‍್ಯಾಕ್ ಅದರ ಬೆಲೆಗೆ ತಕ್ಕದ್ದು. ಅವರು ಕೊಳ್ಳಬೇಕಾದ್ದು ಎರಡಂಗುಲದ ಬೋಲ್ಟ್ ಹಿಚ್, ಚೌಕಟ್ಟು ಹಿಡಿಯುವ ತೋಳಿನ ತಟ್ಟೆ ರ‍್ಯಾಕ್, ಓಲಾಟ ತಡೆಯುವ ಬೋಲ್ಟ್, ಡಿಕ್ಕಿ ತೆರೆಯಲು ಬಾಗುವ ವ್ಯವಸ್ಥೆ, ದೀಪದ ಪಟ್ಟಿ. ಇಷ್ಟಾದ ಮೇಲೂ ಪ್ಲೇಟು ಕಾಣದಿದ್ದರೆ ಆ ರ‍್ಯಾಕ್ ಆ ಗಾಡಿಗೆ ತಕ್ಕದ್ದಲ್ಲ ಎಂದೇ ತಿಳಿಯಬೇಕು.

ಕೊಳ್ಳುವವರು ಎಷ್ಟು ಜಾಣರಾದರೂ ಹಿಚ್‌ನ, ಪ್ಲೇಟಿನ ಈ ತೊಡಕುಗಳನ್ನು ತಾವೇ ಬಿಡಿಸಲಾರರು. ಅಹಮದಾಬಾದ್ ಜಿಲ್ಲೆಯ ಸಾಣಂದ್, ಹಂಸಲ್‌ಪುರಗಳಲ್ಲಿ, ವಡೋದರಾ ಬಳಿಯ ಹಾಲೋಲ್‌ನಲ್ಲಿ ಕಾರು ತಯಾರಾಗುತ್ತವೆ. ಕಾರು ಕಂಪನಿಗಳು ಪರೀಕ್ಷಿಸಿದ ಹಿಚ್ ಮತ್ತು ವೈರ್ ಗೊಂಚಲನ್ನು ಶೋರೂಮಿನ ಸಾಮಾನುಪಟ್ಟಿಗೆ ಸೇರಿಸಿದರೆ ಬೆಸುಗೆ ಅಂಗಡಿಯ ಅಂದಾಜು ಕೆಲಸ ನಿಲ್ಲುತ್ತದೆ. ಸಾರಿಗೆ ಇಲಾಖೆ ಅದೇ ಸಂಖ್ಯೆಯ ಮೂರನೆಯ ಅತಿಸುರಕ್ಷಿತ ಪ್ಲೇಟನ್ನು ರ‍್ಯಾಕ್‌ಗೆಂದು ಕೊಡುವ ನಿಯಮ ಮಾಡಿದರೆ ಇ-ಮೆಮೊ ಭಯವೂ ಹೋಗುತ್ತದೆ, ಕ್ಯಾಮೆರಾದ ಉದ್ದೇಶವೂ ಉಳಿಯುತ್ತದೆ. ಈ ಎರಡು ಆಗುವ ತನಕ ಹಿಚ್ ರ‍್ಯಾಕ್ ನಮ್ಮಲ್ಲಿ ಕೆಲವೇ ಗಾಡಿಗಳಿಗೆ, ಕೆಲವೇ ಕುಟುಂಬಗಳಿಗೆ ಸರಿಹೊಂದುವ ಒಳ್ಳೆಯ ವಸ್ತು. ನೀವು ಆ ಕೆಲವರಲ್ಲಿ ಒಬ್ಬರೇ ಎಂದು ತಿಳಿಯಲು ಅಂಗಡಿಗೆ ಹೋಗಬೇಕಿಲ್ಲ. ಒಂದು ಟಾರ್ಚ್, ಒಂದು ಅಳತೆ ಟೇಪು ಹಿಡಿದು ನಿಮ್ಮದೇ ಗಾಡಿಯ ಹಿಂಬದಿಗೆ ಹೋದರೆ ಸಾಕು.